ಎತ್ತಿನಹೊಳೆ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರ ಜಿಲ್ಲೆಯವನು. ಪಶ್ಚಿಮ ಘಟ್ಟದ ಹಳ್ಳಗಳ ಮಳೆಗಾಲದ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಜಿಲ್ಲೆಗಳಿಗೆ ತರುವ ಸರ್ಕಾರದ ಯೋಜನೆ ಎತ್ತಿನಹೊಳೆ. ಅದರ ಮಾತು ಬಂದರೆ ನಮ್ಮ ಕಡೆಯವರು ಕೇಳುವ ಪ್ರಶ್ನೆಗಳೇ ಬೇರೆ, ಮಂಗಳೂರು ಕಡೆಯ ಗೆಳೆಯರು ಕೇಳುವ ಪ್ರಶ್ನೆಗಳೇ ಬೇರೆ. ಎರಡನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಮಗೆ ನೀರು ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ನಿಜವಾಗಿ ಎಷ್ಟು ನೀರು ಬರುತ್ತದೆ ಅನ್ನೋದನ್ನು ಜನರ ಮುಂದಿಡದೆ ಇಷ್ಟು ದೂರ ಬಂದಿದ್ದೇವೆ. ಕೊಡುವವರಿಗೂ ಕಾಯುವವರಿಗೂ ಇದರಿಂದ ಅನ್ಯಾಯವಾಗುತ್ತಿದೆ ಅನ್ನೋದು ನನ್ನ ಅನಿಸಿಕೆ.

ಎತ್ತಿನಹೊಳೆ ಎಲ್ಲಿದೆ? ನೇತ್ರಾವತಿಗೂ ಅದಕ್ಕೂ ಏನು ಸಂಬಂಧ?

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಘಟ್ಟದ ಅಂಚಿನಲ್ಲಿ ಹುಟ್ಟುವ ಹೊಳೆ ಅದು. ಯೋಜನೆಯಲ್ಲಿ ಅದೊಂದೇ ಇಲ್ಲ. ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳವೂ ಸೇರಿವೆ. ಇವೆಲ್ಲ ಇಳಿದು ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ಸೇರುತ್ತವೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. "ನೇತ್ರಾವತಿ ತಿರುವು" ಅಂತ ಕರಾವಳಿಯವರು ಕರೆಯೋದು ಇದಕ್ಕೇ. ಸರ್ಕಾರ ಆ ಹೆಸರನ್ನು ಒಪ್ಪೋದಿಲ್ಲ, ಮೇಲಿನ ಹಳ್ಳಗಳ ನೀರು ಮಾತ್ರ ಅನ್ನುತ್ತದೆ. ಹೆಸರು ಏನೇ ಇರಲಿ, ಆ ನೀರು ಕೊನೆಗೆ ಹೋಗುತ್ತಿದ್ದದ್ದು ನೇತ್ರಾವತಿಗೇ.

ಯೋಜನೆಯಲ್ಲಿ ಏನೇನಿದೆ?

ಹಳ್ಳಗಳಿಗೆ ಅಡ್ಡಲಾಗಿ ಎಂಟು ಚಿಕ್ಕ ಅಣೆಕಟ್ಟುಗಳು. ಅಲ್ಲಿ ಮಳೆಗಾಲದ ನೀರನ್ನು ತಡೆದು, ಆಳೆತ್ತರಕ್ಕಿಂತ ದೊಡ್ಡ ಉಕ್ಕಿನ ಪೈಪುಗಳಲ್ಲಿ ಎರಡು ಹಂತದಲ್ಲಿ ಮೇಲಕ್ಕೆ ಪಂಪ್ ಮಾಡುತ್ತಾರೆ. ದೊಡ್ಡನಗರದಲ್ಲಿ ದೊಡ್ಡ ಪಂಪ್‌ಹೌಸ್ ಇದೆ. ಹಾಗೆ ಮೇಲೆ ಬಂದ ನೀರು ಹರವನಹಳ್ಳಿ ಹತ್ತಿರ ನಾಲೆಗೆ ಬಿದ್ದು, ಇಳಿಜಾರಿನಲ್ಲಿ ತಾನಾಗಿಯೇ 250 ಕಿಲೋಮೀಟರಿಗೂ ಜಾಸ್ತಿ ಹರಿದು ತುಮಕೂರು ಜಿಲ್ಲೆ ತಲುಪಬೇಕು. ಅಲ್ಲಿಂದ ಮುಂದೆ ಮತ್ತೆ ಪೈಪು. ಮಧುಗಿರಿ, ಗೌರಿಬಿದನೂರು, ಕೋಲಾರ, ಶ್ರೀನಿವಾಸಪುರ ಹೀಗೆ ಒಂದೊಂದು ಕಡೆಗೆ ಒಂದೊಂದು ಫೀಡರ್.

ಕಾಗದದ ಮೇಲಿನ ಲೆಕ್ಕ 24.01 ಟಿಎಂಸಿ. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲಿಕ್ಕೆ, ಉಳಿದ 10 ಟಿಎಂಸಿ 527 ಕೆರೆಗಳನ್ನು ಅರ್ಧದಷ್ಟು ತುಂಬಿಸಲಿಕ್ಕೆ. 29 ತಾಲ್ಲೂಕು, 75 ಲಕ್ಷಕ್ಕೂ ಮೇಲ್ಪಟ್ಟು ಜನ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್.

ಕೋಲಾರದ ನೀರಿನ ಕಷ್ಟ ನಿಜವಾಗಿಯೂ ಅಷ್ಟೊಂದು ಇದೆಯಾ?

ಇದೆ. ಹಸಿರು ಕಾಣುವ ಟೊಮೆಟೊ ತೋಟ, ಹಿಪ್ಪುನೇರಳೆ ತೋಟ ನೋಡಿ "ಇವರಿಗೇನು ಕಷ್ಟ" ಅಂತ ಕೇಳಿದವರಿದ್ದಾರೆ. ಆ ಹಸಿರಿನ ಕೆಳಗಿರೋದು ಬೋರ್‌ವೆಲ್. ವರ್ಷಪೂರ್ತಿ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಮೂರೂ ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುತ್ತವೆ. ಈಗ ಅವುಗಳ ಪಾತ್ರದಲ್ಲಿ ಮಳೆ ಬಂದಾಗ ಮಾತ್ರ ನೀರು.

ಬೋರ್ ಕೊರೆಸುವಾಗ ಹತ್ತಿರ ನಿಂತು ನೋಡಿದವರಿಗೆ ಗೊತ್ತು. ಪಾಯಿಂಟ್ ನೋಡಿಸಿ, ಪೂಜೆ ಮಾಡಿ ಶುರು ಮಾಡುತ್ತಾರೆ. 500 ಅಡಿ ದಾಟಿದರೂ ಬಿಳಿ ಧೂಳು ಏಳುತ್ತಲೇ ಇರುತ್ತದೆ. 1,000 ಅಡಿಗೆ ಬಂದಾಗ ಮನೆಯವರು ಮಾತು ನಿಲ್ಲಿಸುತ್ತಾರೆ. ಅಡಿಗೆ ಇಷ್ಟು ಅಂತ ಮೀಟರ್ ಓಡುತ್ತಿರುತ್ತದಲ್ಲ, ನಿಲ್ಲಿಸಿ ಅನ್ನಬೇಕೋ ಇನ್ನೂರು ಅಡಿ ನೋಡೋಣ ಅನ್ನಬೇಕೋ ತಿಳಿಯೋದಿಲ್ಲ. 1,500 ಅಡಿಗೆ ಹೋಗಿ ಒಂದೂವರೆ ಇಂಚು ನೀರು ಬಿದ್ದರೆ ಅದೇ ಪುಣ್ಯ. ಬೀಳದಿದ್ದರೆ ಉಳಿಯೋದು ಸಾಲ ಮತ್ತು ಒಂದು ತೂತು.

ಅಷ್ಟು ಆಳದಿಂದ ಬಂದ ನೀರನ್ನು ಹಾಗೇ ಕುಡಿಯೋಕೆ ಆಗೋದಿಲ್ಲ. ಬಹಳ ಊರುಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಅನ್ನೋದು ನಿಯಮ. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ, ದೊಡ್ಡವರ ಮಂಡಿ, ಬೆನ್ನು ಬಾಗದ ಹಾಗೆ ಬಿಗಿಯುತ್ತವೆ. ಅದಕ್ಕೇ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಕರೆಂಟ್ ಇಲ್ಲದ ದಿನ ಕ್ಯಾನ್‌ಗಳೇ ಸಾಲಾಗಿ ಕೂತಿರುತ್ತವೆ. ಘಟಕ ಕೆಟ್ಟರೆ ಪಕ್ಕದ ಊರಿಗೆ ಬೈಕಿನಲ್ಲಿ ಹೋಗಬೇಕು. ಬೈಕ್ ಇಲ್ಲದ ಮುದುಕರು ಹಳೇ ಬೋರ್ ನೀರನ್ನೇ ಕುಡಿಯುತ್ತಾರೆ.

ಕೋಲಾರದಲ್ಲಿ ಸಾವಿರಾರು ಕೆರೆಗಳಿದ್ದವಲ್ಲ, ಅವೇನಾದವು?

ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮುಂಚಿನ ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡಿನಲ್ಲಿ ನಮ್ಮ ಹಿರಿಯರು ಬದುಕಿದ್ದು ಈ ಕೆರೆಗಳಿಂದ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಎತ್ತೋದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡೋದು ನೀರಗಂಟಿಯ ಕೆಲಸ.

ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ರಾಜಕಾಲುವೆ ಒತ್ತುವರಿಯಾದವು. ಅಂಗಳದಲ್ಲಿ ಹೂಳು ತುಂಬಿ ಜಾಲಿ ಬೆಳೆಯಿತು. ಜಲಾನಯನದ ತುಂಬ ನೀಲಗಿರಿ ತೋಪು ಎದ್ದಿತು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಹೇಳಿದ್ದು 2017ರಲ್ಲಿ, ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

ಕರಾವಳಿಯವರು "ಮೊದಲು ನಿಮ್ಮ ಕೆರೆ ಸರಿ ಮಾಡಿಕೊಳ್ಳಿ" ಅಂದಾಗ ನಮ್ಮವರಿಗೆ ಸಿಟ್ಟು ಬರುತ್ತದೆ. ಆದರೆ ಮಾತು ಸರಿಯಾಗಿಯೇ ಇದೆ. 2021 ಮತ್ತು 2022ರಲ್ಲಿ ಒಳ್ಳೆ ಮಳೆಯಾಗಿ ಎಷ್ಟೋ ವರ್ಷ ತುಂಬದ ಕೆರೆಗಳು ಕೋಡಿ ಹೋದವು. ಕಾಲುವೆ ಒತ್ತುವರಿಯಾದ ಕಡೆ ಅದೇ ನೀರು ಬೆಳೆಗೆ, ಮನೆಗೆ ನುಗ್ಗಿತು. ಬಂದ ನೀರನ್ನು ಹಿಡಿಯುವ ಸ್ಥಿತಿಯಲ್ಲಿ ನಾವಿಲ್ಲ ಅನ್ನೋದು ಅಲ್ಲೇ ಕಂಡಿತು.

24 ಟಿಎಂಸಿ ನೀರು ಅಲ್ಲಿ ನಿಜವಾಗಿ ಇದೆಯಾ?

ಇಡೀ ಚರ್ಚೆಯ ಹೊಟ್ಟೆ ಇರೋದು ಇಲ್ಲೇ.

ಯೋಜನೆ ಮಾಡಿದವರು ಇದೆ ಅನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ಆ ಸುಮಾರು 180 ಚದರ ಕಿಲೋಮೀಟರ್ ಜಲಾನಯನದಲ್ಲಿ ವರ್ಷಕ್ಕೆ ಸಿಗುವ ನೀರೇ 9.55 ಟಿಎಂಸಿ. ಅದರಲ್ಲಿ ಅಲ್ಲಿನ ತೋಟ, ಜನ, ಜಾನುವಾರು, ಹೊಳೆಯ ಜೀವಕ್ಕೆ ಬೇಕಾದದ್ದನ್ನು ಬಿಟ್ಟರೆ ತೆಗೆದುಕೊಂಡು ಹೋಗಲಿಕ್ಕೆ ಉಳಿಯೋದು ಒಂದು ಟಿಎಂಸಿಯೂ ಇಲ್ಲ.

ಒಂದು ಕಡೆ 24, ಇನ್ನೊಂದು ಕಡೆ 9.55. ಇಷ್ಟು ವ್ಯತ್ಯಾಸ ಇದ್ದಾಗ ನಾವೇ ಒಂದು ಚಿಕ್ಕ ಲೆಕ್ಕ ಹಾಕಬಹುದು. 24 ಟಿಎಂಸಿಯನ್ನು 180 ಚದರ ಕಿಲೋಮೀಟರ್ ಮೇಲೆ ಸಮವಾಗಿ ಹರಡಿದರೆ ಸುಮಾರು 3.8 ಮೀಟರ್ ಎತ್ತರ ನಿಲ್ಲುತ್ತದೆ. ಆ ಭಾಗದ ವಾರ್ಷಿಕ ಮಳೆ 3,000ದಿಂದ 4,500 ಮಿಲಿಮೀಟರ್. ಅಂದರೆ ಬಿದ್ದ ಮಳೆ ಹೆಚ್ಚುಕಡಿಮೆ ಪೂರ್ತಿ ಹೊಳೆಗೆ ಬರಬೇಕು, ಬಂದದ್ದೆಲ್ಲ ಪೈಪಿಗೆ ಹೋಗಬೇಕು. ಮಣ್ಣು ಹೀರಬಾರದು, ಮರ ಕುಡಿಯಬಾರದು, ಬಿಸಿಲಿಗೆ ಆವಿಯಾಗಬಾರದು. ದಟ್ಟ ಕಾಡಿರುವ ಜಾಗದಲ್ಲಿ ಇದು ಆಗುವ ಮಾತಲ್ಲ ಅಂತ ನನಗನ್ನಿಸುತ್ತದೆ. 9.55 ಟಿಎಂಸಿ ಅಂದ್ರೆ ಒಂದೂವರೆ ಮೀಟರ್ ನೀರು. ಅದು ತೀರಾ ಕಡಿಮೆ ಅನ್ನುವ ಎಂಜಿನಿಯರುಗಳೂ ಇದ್ದಾರೆ, ಘಟ್ಟದ ಮಳೆಯಲ್ಲಿ ಇನ್ನೂ ಜಾಸ್ತಿ ಹರಿಯುತ್ತದೆ ಅನ್ನೋದು ಅವರ ವಾದ. ನಿಜ ಎರಡರ ನಡುವೆ ಎಲ್ಲೋ ಇರಬಹುದು.

ಬಗೆಹರಿಸೋದು ಕಷ್ಟವೇನಲ್ಲ. ಎಂಟು ಕಡೆ ಅಣೆಕಟ್ಟು ಕಟ್ಟಾಗಿದೆ. ಪ್ರತಿ ಕಡೆಯೂ ದಿನಕ್ಕೆ ಎಷ್ಟು ನೀರು ಬಂತು, ಎಷ್ಟು ಎತ್ತಿದರು, ಎಷ್ಟು ಕೆಳಕ್ಕೆ ಬಿಟ್ಟರು ಅಂತ ಅಳೆದು ದಿನದಿನವೂ ಪ್ರಕಟಿಸಲಿ. ಕೆಆರ್‌ಎಸ್ ಮಟ್ಟ ಇಷ್ಟು ಅಂತ ಪೇಪರಿನಲ್ಲಿ ದಿನಾ ಬರುತ್ತದಲ್ವಾ, ಹಾಗೆ. ನಾಲ್ಕೈದು ಮಳೆಗಾಲದ ಅಂಕಿ ಕೈಯಲ್ಲಿದ್ದರೆ ಯಾರ ಮಾತು ಸರಿ ಅಂತ ಜಗಳ ಆಡಬೇಕಾಗಿಲ್ಲ.

ನೀರು ಕಡಿಮೆ ಬಂದರೆ ಯೋಜನೆ ದಂಡವೇ?

ಕುಡಿಯಲಿಕ್ಕೆ ಅಂತ ಇಟ್ಟುಕೊಂಡರೆ ದಂಡವಾಗಲಿಕ್ಕಿಲ್ಲ. 14 ಟಿಎಂಸಿಯನ್ನು 75.59 ಲಕ್ಷ ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಸುಮಾರು 144 ಲೀಟರ್ ಬರುತ್ತದೆ. ಹಳ್ಳಿಗಳಿಗೆ ಜಲಜೀವನ ಮಿಷನ್ ಇಟ್ಟಿರುವ ಗುರಿ 55 ಲೀಟರ್. ಆ ಲೆಕ್ಕದಲ್ಲಿ ಅಷ್ಟೂ ಜನಕ್ಕೆ ಬೇಕಾಗೋದು ಐದೂವರೆ ಟಿಎಂಸಿಗಿಂತ ಕಡಿಮೆ, ದಾರಿಯಲ್ಲಿ ಸೋರುವುದು ಬೇರೆ. ಅಂದರೆ 24ರ ಮೂರನೇ ಒಂದು ಭಾಗ ಬಂದರೂ ಫ್ಲೋರೈಡ್ ನೀರು ಕುಡಿಯುವ ಊರುಗಳಿಗೆ ಮೊದಲು ಕೊಟ್ಟರೆ ದೊಡ್ಡ ಕೆಲಸ ಆಗುತ್ತದೆ. ಆದರೆ 527 ಕೆರೆ, ಪಟ್ಟಣ, ಕೈಗಾರಿಕೆ ಅಂತ ಎಲ್ಲರಿಗೂ ಈಗಲೇ ಮಾತು ಕೊಟ್ಟಾಗಿದೆ. ನೀರು ಕಡಿಮೆಯಾದರೆ ಮೊದಲು ಯಾರಿಗೆ, ಕೊನೆಗೆ ಯಾರಿಗೆ ಅಂತ ಇವತ್ತೇ ಬರೆದಿಡಬೇಕು. ಇಲ್ಲದಿದ್ದರೆ ನಾಲೆಯ ತಲೆಯಲ್ಲಿರುವವರು ತುಂಬಿಕೊಳ್ಳುತ್ತಾರೆ, ಬಾಲದಲ್ಲಿರುವ ಮುಳಬಾಗಿಲು, ಶ್ರೀನಿವಾಸಪುರಕ್ಕೆ ಏನೂ ಉಳಿಯೋದಿಲ್ಲ. ನಾಲೆ ಇರುವ ಯಾವ ಊರಿನ ರೈತರನ್ನಾದರೂ ಕೇಳಿ, ಇದನ್ನೇ ಹೇಳುತ್ತಾರೆ.

ಸಮುದ್ರಕ್ಕೆ ಸುಮ್ನೆ ಹೋಗುವ ನೀರು ತಾನೆ?

ನಮ್ಮ ಕಡೆ ಭಾಷಣಗಳಲ್ಲಿ ಈ ಮಾತು ತುಂಬ ಕೇಳುತ್ತೇವೆ. ದಯವಿಟ್ಟು ಇದನ್ನು ಬಿಡೋಣ. ಮಳೆಗಾಲದ ನೀರು ಮೀನಿಗೆ ಮೊಟ್ಟೆಯಿಡುವ ಕಾಲವನ್ನು ತರುತ್ತದೆ, ತೋಟಗಳಿಗೆ ಮೆಕ್ಕಲು ತರುತ್ತದೆ, ಅಳಿವೆಯಲ್ಲಿ ಉಪ್ಪುನೀರು ಒಳಗೆ ನುಗ್ಗದ ಹಾಗೆ ತಡೆಯುತ್ತದೆ. ಹೊಳೆ ಸಮುದ್ರ ಸೇರುವ ಕಡೆ ಮೀನು ಸಿಗೋದೂ ಅದರಿಂದಲೇ. ನಮಗೆ ಬೇಕು ಅಂತ ಕೇಳೋಣ. ಅವರಿಗೆ ಬೇಡದ್ದು ಅಂತ ಹೇಳೋದು ಬೇಡ.

ಮಳೆಗಾಲದಲ್ಲಿ ಮಾತ್ರ ಎತ್ತುವುದಾದರೆ ಮಂಗಳೂರಿಗೆ ಬೇಸಿಗೆಯಲ್ಲಿ ತೊಂದರೆ ಹೇಗೆ?

ಮಂಗಳೂರಿನ ಭಯಕ್ಕೆ ಕಾರಣ ಇದೆ. ಆ ನಗರ ಕುಡಿಯೋದು ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನು, ಅದು ನೇತ್ರಾವತಿಯದು. 2016, 2019, 2023ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಕಂಡು, ನಗರಕ್ಕೆ ಸರದಿ ಹಾಕಿ ನೀರು ಬಿಡಬೇಕಾಯಿತು. ಎತ್ತಿನಹೊಳೆಯಿಂದ ಒಂದು ಹನಿ ಪೂರ್ವಕ್ಕೆ ಹೋಗುವ ಮುಂಚೆಯೇ ಈ ಸ್ಥಿತಿ.

ಮಳೆಗಾಲದಲ್ಲಿ ಎತ್ತಿದ ನೀರು ನೇರವಾಗಿ ಏಪ್ರಿಲ್ ತಿಂಗಳ ತುಂಬೆಯನ್ನು ಖಾಲಿ ಮಾಡೋದಿಲ್ಲ, ಅದು ನಿಜ. ಬೇಸಿಗೆಯ ಹರಿವು ಬರೋದು ಶೋಲಾ ಕಾಡು (ಘಟ್ಟದ ಮೇಲಿನ ಕಣಿವೆಗಳ ದಟ್ಟ ಕಾಡು), ಹುಲ್ಲುಗಾವಲು ಹೀರಿಟ್ಟುಕೊಂಡು ನಿಧಾನಕ್ಕೆ ಬಿಡುವ ನೀರಿನಿಂದ. ಹಾಗಾಗಿ ನನಗೆ ಪಂಪಿಗಿಂತ ಜಾಸ್ತಿ ಚಿಂತೆ ಇರೋದು ಗುಡ್ಡ ಕಡಿದದ್ದರ ಬಗ್ಗೆ. ಪೈಪು ಹಾಕಲಿಕ್ಕೆ, ರಸ್ತೆ ಮಾಡಲಿಕ್ಕೆ ಕಡಿದ ಇಳಿಜಾರಿನ ಮಣ್ಣು ಹಳ್ಳಕ್ಕೆ ಬಿದ್ದಿದೆ. ಅದು ಆನೆಗಳು ಓಡಾಡುವ ಜಾಗವೂ ಹೌದು. ಸಕಲೇಶಪುರದ ಕಾಫಿ ತೋಟದವರು ಆನೆ ಕಾಟದಲ್ಲಿ ಮೊದಲೇ ಬೇಯುತ್ತಿದ್ದಾರೆ. ಇನ್ನೊಂದು ಭಯವೂ ಇದೆ: ಇವತ್ತು ಮಳೆಗಾಲಕ್ಕೆ ಅಂದವರು ನಾಳೆ ಬೇಸಿಗೆಯಲ್ಲೂ ಎತ್ತಿದರೆ ತಡೆಯೋದು ಯಾರು? ಅಳತೆಯ ಅಂಕಿ ಬಹಿರಂಗವಾಗಿರಬೇಕು ಅನ್ನೋದು ಇದಕ್ಕೂ ಸೇರಿಸಿಯೇ.

ಪರಿಸರ ಅನುಮತಿ ಇಲ್ಲದೆ ಇಷ್ಟು ದೊಡ್ಡ ಕೆಲಸ ಹೇಗಾಯಿತು?

ಕುಡಿಯುವ ನೀರಿನ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ನೀರಾವರಿ ಯೋಜನೆಗೆ ಬೇಕು. ಸರ್ಕಾರ ಇದು ಕುಡಿಯುವ ನೀರು ಅಂದಿತು. ಹತ್ತು ಟಿಎಂಸಿ ಕೆರೆಗೆ ಬಿಡೋದು ಕುಡಿಯುವ ನೀರು ಹೇಗಾಗುತ್ತದೆ ಅಂತ ವಿರೋಧಿಗಳು ಕೇಳಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರಲ್ಲಿ ನ್ಯಾಯಮಂಡಳಿ ಷರತ್ತುಗಳೊಂದಿಗೆ ಕೆಲಸಕ್ಕೆ ದಾರಿ ಬಿಟ್ಟಿತು. ಕಾನೂನಿನ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ನಬಹುದು. ಆದರೆ ಘಟ್ಟದ ನಡುವೆ ಇಷ್ಟು ದೊಡ್ಡ ಕಾಮಗಾರಿಗೆ ಪೂರ್ತಿ ಅಧ್ಯಯನ, ಜನರ ಅಹವಾಲು ಸಭೆ ಎರಡೂ ಆಗಬೇಕಿತ್ತು. ಆಗಿದ್ದರೆ ಆ 24ರ ಪ್ರಶ್ನೆ ಕಾಮಗಾರಿಗೆ ಮುಂಚೆಯೇ ಮೇಜಿನ ಮೇಲೆ ಬರುತ್ತಿತ್ತು.

ಖರ್ಚು ಎಷ್ಟು?

2012ರ ಅಂದಾಜು 8,323 ಕೋಟಿ ರೂಪಾಯಿ. ಆಮೇಲೆ 12,912 ಕೋಟಿ. 2023ರಲ್ಲಿ 23,251 ಕೋಟಿ. ಪಂಪುಗಳ ಕರೆಂಟ್ ಬಿಲ್ ಇದರಲ್ಲಿ ಸೇರಿಲ್ಲ, ಅದು ಪ್ರತಿ ವರ್ಷದ್ದು.

2024ರಲ್ಲಿ ಉದ್ಘಾಟನೆ ಆಯ್ತಲ್ಲ, ನೀರು ಎಲ್ಲಿಗೆ ಹೋಯಿತು?

2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಆಯಿತು. ಹತ್ತು ವರ್ಷ ಕಳೆದು 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದಲ್ಲಿ ಮೊದಲ ಹಂತ ಶುರುವಾಯಿತು. ಎರಡೂ ಸಲ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ. ಮೊದಲ ಹಂತ ಅಂದ್ರೆ ನೀರನ್ನು ಮೇಲೆತ್ತುವ ಭಾಗ. ಮುಂದಿನ ನಾಲೆ ಪೂರ್ತಿಯಾಗಿರಲಿಲ್ಲ. ಹಾಗಾಗಿ ನೀರನ್ನು ನಡುದಾರಿಯಲ್ಲಿ ವೇದಾವತಿ ಕಣಿವೆಗೆ, ವಾಣಿ ವಿಲಾಸ ಸಾಗರದ ಕಡೆಗೆ ತಿರುಗಿಸಿದರು. ಚಿತ್ರದುರ್ಗದವರಿಗೆ ಒಳ್ಳೆಯದಾಯಿತು, ಅವರದೂ ಬರಗಾಲದ ಸೀಮೆಯೇ. ನಮ್ಮ ಜಿಲ್ಲೆಯವರು ಆ ಸಮಾರಂಭವನ್ನು ಟಿವಿಯಲ್ಲಿ ನೋಡಿದೆವು.

ನಾಲೆ ಕೆಲಸ ಯಾಕೆ ಇಷ್ಟು ತಡ?

ಜಮೀನು. ಬೇಲೂರು, ಅರಸೀಕೆರೆ, ತಿಪಟೂರು ಕಡೆ ತೆಂಗಿನ ತೋಟ ಸೀಳಿಕೊಂಡು ನಾಲೆ ಹೋಗಬೇಕು. ಕೆಲವೆಡೆ ಅರಣ್ಯ ಜಾಗದ ತಕರಾರು. ಅದಕ್ಕಿಂತ ದೊಡ್ಡದು ಬೈರಗೊಂಡ್ಲು ಜಲಾಶಯದ ಕತೆ. ಮಳೆಗಾಲದಲ್ಲಿ ಬಂದ ನೀರನ್ನು ವರ್ಷಕ್ಕೆ ಆಗುವಷ್ಟು ಹಿಡಿದಿಡಲಿಕ್ಕೆ ಜಲಾಶಯ ಬೇಕೇ ಬೇಕು. ಅದು ಕೊರಟಗೆರೆ, ದೊಡ್ಡಬಳ್ಳಾಪುರ ಎರಡು ತಾಲ್ಲೂಕಿನ ಗಡಿಯಲ್ಲಿ ಬರುತ್ತದೆ. ಒಂದೇ ಕೆರೆಯಂಗಳದಲ್ಲಿ ಮುಳುಗುವ ಜಮೀನಿಗೆ ಗಡಿಯ ಆಚೆ ಒಂದು ದರ, ಈಚೆ ಇನ್ನೊಂದು ದರ ಅಂದರು. ಕೊರಟಗೆರೆ ಕಡೆಯವರು ಒಪ್ಪಲಿಲ್ಲ, ಯಾರು ತಾನೇ ಒಪ್ಪುತ್ತಾರೆ? ಹೀಗೇ ವರ್ಷಗಳು ಕಳೆದು, ಜಲಾಶಯವನ್ನು ಚಿಕ್ಕದು ಮಾಡುವ, ಜಾಗ ಬದಲಿಸುವ ಮಾತು ಬಂತು. ಮಲೆನಾಡಿನಿಂದ ನೀರು ತರುವ ಬಗ್ಗೆ ವರ್ಷಗಟ್ಟಲೆ ಚರ್ಚೆ ಮಾಡಿದವರು, ನೀರಿಗೆ ಜಾಗ ಮಾಡಿಕೊಡಲು ಊರು ಬಿಡುವವರ ಜೊತೆ ಕೂತು ಮಾತಾಡಿದ್ದು ತುಂಬ ಕಡಿಮೆ.

ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ, ಅದು ಸಾಲದಾ?

ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬಂದ ಕೆಲವೇ ವಾರದಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟು, ಆಮೇಲೆ ಮತ್ತೆ ಶುರುವಾಯಿತು. ಸುಪ್ರೀಂ ಕೋರ್ಟಿಗೂ ಹೋಯಿತು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಹೀಗೇ ಹೋಗುತ್ತಿದೆ.

ಇದರಿಂದ ಬತ್ತಿದ ಬೋರ್‌ಗಳಲ್ಲಿ ಮತ್ತೆ ನೀರು ಕಂಡಿದೆ, ಅದನ್ನು ಯಾರೂ ಅಲ್ಲಗಳೆಯೋಕಾಗಲ್ಲ. ಆದರೆ ಆ ನೀರಿಗೆ ಆಗುತ್ತಿರೋದು ಎರಡು ಹಂತದ ಶುದ್ಧೀಕರಣ ಮಾತ್ರ. ಮೂರನೇ ಹಂತವೂ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಮೊದಲಿನಿಂದ ಕೇಳುತ್ತಿದ್ದಾರೆ. ನಮ್ಮ ಅಂತರ್ಜಲಕ್ಕೆ ಇಳಿಯುವ ನೀರು ಅದು, ಆ ಬೇಡಿಕೆ ನ್ಯಾಯವಾದದ್ದು. ಕುಡಿಯುವ ನೀರಿಗೆ ಇದು ಬದಲಿ ಅಲ್ಲವೇ ಅಲ್ಲ. ಆ ಕಡೆಯಿಂದ ನೋಡಿದರೆ 2023ರಲ್ಲಿ ಶುರುವಾದ ಯರಗೋಳ್ ಅಣೆಕಟ್ಟೇ ಮೇಲು. ಬಂಗಾರಪೇಟೆ ತಾಲ್ಲೂಕಿನ ಚಿಕ್ಕ ಅಣೆಕಟ್ಟು ಅದು. ನಮ್ಮದೇ ಮಳೆ ಹಿಡಿದು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕೊಡುತ್ತದೆ.

ಇದು ಕರಾವಳಿಗೂ ಬಯಲುಸೀಮೆಗೂ ಇರುವ ಜಗಳವಾ?

ರಾಜಕೀಯದವರಿಗೆ ಹಾಗೆ ಕಂಡರೆ ಅನುಕೂಲ. 2016ರಲ್ಲಿ ನಮ್ಮ ರೈತರು ನೀರು ಕೊಡಿ ಅಂತ ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿಗೆ ಹೊರಟು ಲಾಠಿ ಏಟು ತಿಂದರು. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ನೀರು ಕೊಡಬೇಡಿ ಅಂತ ಬಂದ್ ಆಯಿತು. ಮೂಡುಬಿದಿರೆ ಮೂಲದ ವೀರಪ್ಪ ಮೊಯಿಲಿ ಅವರು ಚಿಕ್ಕಬಳ್ಳಾಪುರದ ಸಂಸದರಾಗಿ ಯೋಜನೆಯ ಪರ ನಿಂತರು, ತವರಿನಲ್ಲಿ ಬೈಸಿಕೊಂಡರು. ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಬಯಲುಸೀಮೆಗೆ ತರಬೇಕು ಅಂತ ವರದಿ ಕೊಟ್ಟ ನಿವೃತ್ತ ಎಂಜಿನಿಯರ್ ಜಿ.ಎಸ್. ಪರಮಶಿವಯ್ಯನವರ ಯೋಚನೆ ಇದಕ್ಕಿಂತ ಎಷ್ಟೋ ದೊಡ್ಡದಿತ್ತು. ಪರಮಶಿವಯ್ಯ ವರದಿ ಜಾರಿ ಮಾಡಿ ಅಂತ ಕೇಳಿದ ನಮ್ಮ ಹೋರಾಟಗಾರರೇ ಎತ್ತಿನಹೊಳೆಯಿಂದ ನಮಗೆ ಸಿಗೋದು ಚೂರು ಅಂತ ಅನುಮಾನ ಪಟ್ಟರು. ಅಂದರೆ ಈ ಯೋಜನೆಯನ್ನು ನಂಬದವರು ಎರಡೂ ಕಡೆ ಇದ್ದಾರೆ, ಇಬ್ಬರ ಪ್ರಶ್ನೆಯೂ ಒಂದೇ: ನೀರು ಎಷ್ಟಿದೆ?

ಹಾಗಾದರೆ ಯೋಜನೆ ನಿಲ್ಲಿಸಬೇಕು ಅಂತೀರಾ?

ಇಲ್ಲ. ಕಾಡು ಕಡಿದಾಗಿದೆ, ಪೈಪು ಹೂತಾಗಿದೆ, ದುಡ್ಡು ಸುರಿದಾಗಿದೆ. ಈಗ ನಿಲ್ಲಿಸಿದರೆ ಘಟ್ಟಕ್ಕೆ ಆದ ಗಾಯ ವಾಸಿಯಾಗೋದಿಲ್ಲ, ನಮ್ಮ ಬಾಯಾರಿಕೆಯೂ ತೀರೋದಿಲ್ಲ. ಮುಗಿಸಲಿ. ಆದರೆ ಹೊಳೆಗೆ ಬಿಡಬೇಕಾದ ನೀರು ಮೊದಲು ಬಿಟ್ಟು, ಉಳಿದದ್ದನ್ನು ಎತ್ತಲಿ. ಎತ್ತಿದ್ದು ಕುಡಿಯಲಿಕ್ಕೆ ಮೊದಲು. ಇನ್ನೊಂದು ಹಳ್ಳ, ಇನ್ನೊಂದು ಹೊಳೆ ಅಂತ ಘಟ್ಟದ ಒಳಕ್ಕೆ ಕೈಚಾಚುವುದು ಬೇಡ. ನೀರು ಸಾಲದಿದ್ದರೆ ಆ ಮಾತು ಬಂದೇ ಬರುತ್ತದೆ, ಆಗ ಬೇಡ ಅನ್ನಬೇಕಾದವರು ಬಯಲುಸೀಮೆಯ ನಾವೇ.

ನಮ್ಮ ಹೊಲಕ್ಕೆ ನೀರು ಸಿಗುತ್ತಾ?

ನಾಲೆಯಿಂದ ನೇರವಾಗಿ ಸಿಗೋದಿಲ್ಲ. ಕೆರೆಗೆ ಬಂದ ನೀರು ಅಂತರ್ಜಲಕ್ಕೆ ಇಳಿದರೆ ಅಕ್ಕಪಕ್ಕದ ಬೋರ್‌ಗಳಿಗೆ ಸಿಗುತ್ತದೆ. ಕೆರೆಗೇ ಮೋಟರ್ ಇಟ್ಟು ಎತ್ತಿದರೆ ಯಾರಿಗೂ ಸಿಗೋದಿಲ್ಲ.

ನಮ್ಮೂರ ಕೆರೆ ಪಟ್ಟಿಯಲ್ಲಿದೆಯಾ ಅಂತ ತಿಳಿಯೋದು ಹೇಗೆ?

ಯೋಜನೆ ನಡೆಸುತ್ತಿರೋದು ವಿಶ್ವೇಶ್ವರಯ್ಯ ಜಲ ನಿಗಮ. ಮಾಹಿತಿ ಹಕ್ಕಿನಡಿ ಅಲ್ಲಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ನಿಮ್ಮ ಕೆರೆ ಯಾವ ಫೀಡರಿನಲ್ಲಿದೆ, ಅದಕ್ಕೆ ಎಷ್ಟು ನೀರು ಹಂಚಿದ್ದಾರೆ ಅಂತ ನೇರವಾಗಿ ಕೇಳಿ.

ಇನ್ನೊಂದು ಅರ್ಜಿ ನಿಮ್ಮ ತಾಲ್ಲೂಕಿನಲ್ಲೇ ಹಾಕಬೇಕು. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟು ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಯದು. ಕೆರೆಯ ಸರ್ವೆ ನಕ್ಷೆ, ಒತ್ತುವರಿ ಎಷ್ಟು, ರಾಜಕಾಲುವೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಕೇಳಿ. ನಕ್ಷೆ ಕೈಗೆ ಬಂದ ಮೇಲೆ ಊರಿನ ನಾಲ್ಕು ಜನ ಸೇರಿ ಕಾಲುವೆ ಉದ್ದಕ್ಕೂ ಒಂದು ಸಲ ನಡೆದು ನೋಡಿ. ಎಲ್ಲಿ ಮುಚ್ಚಿದೆಯೋ ಫೋಟೊ ತೆಗೆದು ಗ್ರಾಮಸಭೆಯಲ್ಲಿ ಇಡಿ, ನಡಾವಳಿಯಲ್ಲಿ ಬರೆಸಿ. ಪೈಪಿನ ನೀರು ಬರೋದು ಯಾವಾಗಲೋ, ಮಳೆ ಅಂತೂ ಈ ವರ್ಷವೂ ಬರುತ್ತದೆ, ಅದಕ್ಕೂ ಅದೇ ಕಾಲುವೆ ಬೇಕು.